ರ‍್ಯಾಗ್‌ಟೈಮ್ ವಾದ್ಯವೃಂದ: ಶುಲ್ಲರ್ ಅಥವಾ ಪ್ಯಾರಗಾನ್?

ರ‍್ಯಾಗ್‌ಟೈಮ್ ಎಂದರೆ ಕೆಳಗೆ ನೇರ ತಾಳ, ಮೇಲಿನ ರಾಗದಲ್ಲಿ ತಾಳ ತಪ್ಪಿಸಿ ಬೀಳುವ ಒತ್ತು ಇರುವ ಅಮೆರಿಕದ ಹಳೆಯ ಸಂಗೀತ. ಅದರ ಪ್ರಮುಖ ಸಂಯೋಜಕ ಸ್ಕಾಟ್ ಜಾಪ್ಲಿನ್ ಒಬ್ಬನೇ ಸಾಕೆನ್ನುವವರು ಗುಂಥರ್ ಶುಲ್ಲರ್ ನಿರ್ದೇಶನದ 1973ರ ‘ದಿ ರೆಡ್ ಬ್ಯಾಕ್ ಬುಕ್’ ಧ್ವನಿಮುದ್ರಿಕೆ ಕೊಳ್ಳಿ. ಸ್ಟಾರ್ಕ್ ಪ್ರಕಾಶನದ ಹಳೆಯ ವಾದ್ಯವೃಂದ ಸ್ವರಲಿಪಿಗಳೇ ಇದಕ್ಕೆ ಆಧಾರ. ತಂತಿವಾದ್ಯ, ಕ್ಲಾರಿನೆಟ್, ಟ್ರಂಪೆಟ್, ಟ್ಯೂಬಾ, ಪಿಯಾನೊ ಒಂದರಲ್ಲೊಂದು ಕರಗದೆ ಬಿಡಿಬಿಡಿಯಾಗಿ ಕೇಳುತ್ತವೆ. ಗ್ರ್ಯಾಮಿ ಬಂದದ್ದು ಚೇಂಬರ್ (ಸಣ್ಣ ತಂಡದ) ಸಂಗೀತ ವಿಭಾಗದಲ್ಲಿ, ಸರಿಯಾಗಿಯೇ ಇದೆ.

ಹರವು ಬೇಕೇ? ರಿಕ್ ಬೆಂಜಮಿನ್‌ರ ಪ್ಯಾರಗಾನ್ ರ‍್ಯಾಗ್‌ಟೈಮ್ ಆರ್ಕೆಸ್ಟ್ರಾ. ವಾದ್ಯವೃಂದ ನಾಯಕ ಆರ್ಥರ್ ಪ್ರಯರ್‌ನ ಸಂಗೀತ ಭಂಡಾರ 1985ರಲ್ಲಿ ಸಿಕ್ಕಿದ್ದರಿಂದ ಹುಟ್ಟಿದ ತಂಡವಿದು. ಇವರ ‘ಬ್ಲ್ಯಾಕ್ ಮ್ಯಾನ್‌ಹಟನ್’ನಲ್ಲಿ ಆ ಕಾಲದ ಕಪ್ಪು ಸಂಯೋಜಕರಾದ ವಿಲ್ ಮೇರಿಯನ್ ಕುಕ್, ಜೇಮ್ಸ್ ರೀಸ್ ಯುರೋಪ್ ಸಿಗುತ್ತಾರೆ, ಶುಲ್ಲರ್ ಧ್ವನಿಮುದ್ರಿಕೆಯಲ್ಲಿ ಇವರಿಲ್ಲ.

ಕೊಳ್ಳುವ ಮುನ್ನ ವೇಗ ಗಮನಿಸಿ. ರ‍್ಯಾಗ್ ಓಡಬಾರದೆಂದು ಜಾಪ್ಲಿನ್ನೇ ಬರೆದಿದ್ದ. ಓಡಿದರೆ ಮೇಲಿನ ರಾಗದ ತಾಳ ತಪ್ಪಿಸಿದ ಒತ್ತು ಕೆಳಗಿನ ನೇರ ತಾಳದಲ್ಲಿ ಮುಚ್ಚಿಹೋಗುತ್ತದೆ.