ಹಳೇ ದಾವಣಗೆರೆಯ ಬುರ್ಖಾ ಅಂಗಡಿ: ಹೊಲಿಗೆ ಚೆನ್ನ, ಹೇಳಿದ ದಿನಕ್ಕೆ ಕೊಡಲ್ಲ

ಆಜಾದ್ ನಗರದ ಕಡೆ ಬುರ್ಖಾ ಅಂಗಡಿಗಳಿಗೇನೂ ಬರವಿಲ್ಲ. ಹೊರಗೆ ತೂಗುಹಾಕಿದ್ದು ನೋಡಿದರೆ ಎಲ್ಲಾ ಒಂದೇ ಅನಿಸುತ್ತದೆ. ನಾನು ಹೋಗಿದ್ದು ರೆಡಿಮೇಡ್ ಮಾರುವ, ಅಳತೆ ತೆಗೆದು ಹೊಲಿದೂ ಕೊಡುವ ಒಂದು ಸಣ್ಣ ಅಂಗಡಿಗೆ. ಹೆಸರು ಬೇಡ, ಒಂದು ದೂರು ಇದೆ.

ಮೊದಲು ಬಟ್ಟೆ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ವಾ? ಅಗ್ಗದ ಪಾಲಿಯೆಸ್ಟರ್ ಹಾಕಿಕೊಂಡು ಪಿ.ಬಿ. ರಸ್ತೆಯ ಸಿಗ್ನಲ್‌ನಲ್ಲಿ ಸ್ಕೂಟಿ ನಿಲ್ಲಿಸಿದರೆ ಬಟ್ಟೆ ಬೆನ್ನಿಗೇ ಅಂಟುತ್ತದೆ. ಇಲ್ಲಿ ನಿದಾ ಅನ್ನೋ ಬಟ್ಟೆ ತೋರಿಸಿದರು. ಅದೂ ಪಾಲಿಯೆಸ್ಟರೇ, ಆದರೆ ನೂಲು ನಯ, ಹಗುರ, ಇಸ್ತ್ರಿಯ ತಲೆನೋವಿಲ್ಲ. ಕಾಟನ್ ಇದೆಯಾ ಅಂದರೆ ಸುಕ್ಕಾಗುತ್ತೆ, ಯಾರೂ ಕೇಳಲ್ಲ ಅಂದರು. ಹತ್ತಿ ಮಿಲ್ಲುಗಳಿಂದ ಹೆಸರು ಮಾಡಿದ ಊರಿನಲ್ಲಿ ಈ ಮಾತು! ನೇವಿ ಬ್ಲೂ ಕೇಳಿದಾಗ ಮಾತ್ರ ಮುಖ ಸಿಂಡರಿಸದೆ ತೆಗೆದು ಕೊಟ್ಟರು. ಕಪ್ಪೇ ಆಗಬೇಕು ಅಂತ ಕುರಾನಿನಲ್ಲೇನೂ ಇಲ್ಲ, ಆದರೂ ಕೆಲವು ಅಂಗಡಿಗಳಲ್ಲಿ ಬಣ್ಣ ಕೇಳಿದರೆ ಉಪದೇಶ ಶುರುವಾಗುತ್ತದೆ.

ರೆಡಿಮೇಡ್ ಅಳತೆ ಅಂದರೆ ಬರೀ ಉದ್ದ. 52, 54, 56 ಇಂಚು, ಹೀಗೆ. ನನ್ನಂಥ ಗಿಡ್ಡ, ಸ್ವಲ್ಪ ದಪ್ಪ ಇರೋರಿಗೆ 52 ಸೊಂಟದಲ್ಲಿ ಹಿಡಿಯುತ್ತದೆ, 56 ಬೀದಿ ಗುಡಿಸುತ್ತದೆ. ಇಲ್ಲಿ ಅಳತೆ ತೆಗೆಯುವ ಆಂಟಿ ಮೊದಲು ಕೇಳಿದ್ದೇ "ಗಾಡಿ ಓಡಿಸ್ತೀರಾ?" ಅಂತ. ಹೌದು ಅಂದ ಕೂಡಲೇ ಚಿಟ್ಟೆ ತೋಳಿನ ಮಾದರಿ ಪಕ್ಕಕ್ಕಿಟ್ಟರು. ಅದು ನೋಡೋಕೆ ಚೆಂದ, ಚಕ್ರಕ್ಕೆ ಸಿಕ್ಕರೆ ಕಥೆ ಮುಗೀತು. ತೋಳಿನ ತುದಿಗೆ ಟಿಚ್ ಬಟನ್, ಮುಂದೆ ಜಿಪ್, ಗಾಳಿಗೆ ಹಾರದ ಹಾಗೆ ಮಂಡಿ ಕೆಳಗೂ ಒಳಗಡೆ ಎರಡು ಬಟನ್. ಇದನ್ನೆಲ್ಲಾ ನಾನು ಕೇಳಿರಲೇ ಇಲ್ಲ.

ನಮ್ಮದು ಪಿಂಜಾರರ ಮನೆ, ಮನೆಮಾತು ಕನ್ನಡ. ಜಗಳೂರು ಕಡೆಯ ಹಳ್ಳಿಯಲ್ಲಿ ಅಜ್ಜಿ ಕೊನೆವರೆಗೂ ಸೀರೆ ಉಟ್ಟು ತಲೆ ಮೇಲೆ ಸೆರಗು ಹೊದ್ದವಳು. ಪಕ್ಕದ ಲಿಂಗಾಯತರ ಮನೆ ಅಜ್ಜಿಯೂ ಹಾಗೇ ಹೊದೆಯುತ್ತಿದ್ದರು, ಹಿಂದಿನಿಂದ ನೋಡಿದರೆ ಯಾರು ಅಂತ ಗೊತ್ತಾಗುತ್ತಿರಲಿಲ್ಲ. ಅಮ್ಮ ಮದುವೆ, ಮುಂಜಿಗೆ ಮಾತ್ರ ಬುರ್ಖಾ ಹಾಕುತ್ತಾಳೆ. ನಾನು ದಿನಾ ಹಾಕುತ್ತೇನೆ, ತಂಗಿ ಬರೀ ಸ್ಕಾರ್ಫ್. ಇದರಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ, ಆದರೆ ಹೊರಗಿನವರಿಗೆ ಮಾತ್ರ ಉತ್ತರ ಬೇಕು. ಬುರ್ಖಾದಲ್ಲಿ ಇದ್ದರೆ ಬಸ್ಸಿನಲ್ಲಿ "ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ" ಅಂತಾರೆ, ಉರ್ದು ತಡವರಿಸಿದರೆ ನಮ್ಮವರೇ ಮೇಲಿಂದ ಕೆಳಗೆ ನೋಡುತ್ತಾರೆ. ಈ ಅಂಗಡಿಯಲ್ಲಿ ನಾನು ಕನ್ನಡದಲ್ಲೇ ಚೌಕಾಸಿ ಮಾಡಿದೆ, ಅವರೂ ಕನ್ನಡದಲ್ಲೇ ಬೆಲೆ ಇಳಿಸಲಿಲ್ಲ.

ತಂಗಿ ಮ್ಯಾಗ್ನೆಟ್ ಪಿನ್ ತಗೊಂಡಳು, ಬಟ್ಟೆ ತೂತಾಗಲ್ಲ, ಒಂದೇ ಕೈಯಲ್ಲಿ ತೆಗೆಯಬಹುದು. 2022ರಲ್ಲಿ ಅವಳು ಪಿಯುಸಿ. ಸಮವಸ್ತ್ರದ ಬಗ್ಗೆ ಫೆಬ್ರವರಿಯ ಸರ್ಕಾರಿ ಆದೇಶ, ತರಗತಿಯಲ್ಲಿ ಹಿಜಾಬ್ ನಿರ್ಬಂಧ ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು ಆದಮೇಲೆ ಕಾಲೇಜು ಗೇಟಿನಲ್ಲಿ ಒಂದೊಂದೇ ಗುಂಡುಪಿನ್ ಕಿತ್ತು ಸ್ಕಾರ್ಫ್ ಬ್ಯಾಗಿಗೆ ತುರುಕುತ್ತಿದ್ದಳು, ಬೆರಳಿಗೆ ಚುಚ್ಚಿಕೊಂಡು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. "ಈ ಪಿನ್ ಆಗಲೇ ಸಿಕ್ಕಿದ್ರೆ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಇನ್ನು ದೂರು. ಹೇಳಿದ ದಿನಕ್ಕೆ ಕೊಡಲ್ಲ. ನಾಳೆ ಬನ್ನಿ, ಜುಮ್ಮಾ ಆದಮೇಲೆ ಬನ್ನಿ, ಕಾಜಾ ಬಾಕಿ ಇದೆ, ಇದೇ ರಾಗ. ಫೋನೂ ಎತ್ತಲ್ಲ. ಟ್ರಯಲ್ ರೂಮ್ ಅಂದರೆ ಪರದೆ ಹಿಂದೆ ಎರಡು ಹೆಜ್ಜೆ ಜಾಗ. ಹೊಲಿಗೆ ಸೇರಿ 1,900 ರೂಪಾಯಿ ಆಯಿತು, ಸ್ವಲ್ಪ ಜಾಸ್ತಿನೇ. ಹಬ್ಬಕ್ಕೆ ಬೇಕು ಅನ್ನೋರು ರಂಜಾನ್ ಶುರುವಾಗೋ ಮೊದಲೇ ಅಳತೆ ಕೊಡಿ, ಪೂರ್ತಿ ದುಡ್ಡು ಮುಂಚೆ ಕೊಡಬೇಡಿ.