ಮಗಳ ಶಾಲೆಯ ಲೈಬ್ರರಿ ಪೀರಿಯಡ್: ಒಂದು ವರ್ಷ ನೋಡಿದ ಮೇಲೆ

ಮಗಳು ಏಳನೇ ಕ್ಲಾಸು. ಅವಳ ಶಾಲೆಯಲ್ಲಿ ವಾರಕ್ಕೊಂದು ಲೈಬ್ರರಿ ಪೀರಿಯಡ್ ಇದೆ. ಸುಮ್ನೆ ಕಥೆಪುಸ್ತಕ ಕೊಟ್ಟು ಕೂರಿಸುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಅಲ್ಲಿನ ಲೈಬ್ರರಿ ಮೇಡಂ ಹುಡುಕೋದನ್ನ, ಸಿಕ್ಕಿದ್ದು ನಿಜವಾ ಅಂತ ನೋಡೋದನ್ನ ಕಲಿಸುತ್ತಾರೆ.

ಮೊದಮೊದಲು ಬರೀ ಕಪಾಟಿನ ನಂಬರುಗಳು. ಪುಸ್ತಕಗಳನ್ನ ವಿಷಯಕ್ಕೊಂದು ನಂಬರು ಕೊಟ್ಟು ಜೋಡಿಸೋ ಡ್ಯೂಯಿ ಪದ್ಧತಿಯಲ್ಲಿ 598 ಅಂದರೆ ಹಕ್ಕಿಗಳು, 520 ಅಂದರೆ ಖಗೋಳ. ಪುಸ್ತಕದ ಕೊನೆಯ ಪದಸೂಚಿ ನೋಡಿ ಮರಕುಟಿಗದ ಪುಟಕ್ಕೆ ನೇರ ಹೋಗೋದನ್ನ ಮಗಳು ನನಗೇ ತೋರಿಸಿಕೊಟ್ಟಳು.

ನನಗೆ ಜಾಸ್ತಿ ಹಿಡಿಸಿದ್ದು ಆಮೇಲಿನ ಪಾಠ. ನಮ್ಮ ರಾಷ್ಟ್ರಗೀತೆಯೇ ಜಗತ್ತಿಗೆಲ್ಲ ಶ್ರೇಷ್ಠ ಅಂತ ಯುನೆಸ್ಕೋ ಘೋಷಿಸಿದೆ ಎಂಬ ಮೆಸೇಜು ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ ಅಲ್ವಾ? ನಮ್ಮ ಮಾವನವರಿಗೂ ಬಂತು. ಮಗಳು ಪಕ್ಕದಲ್ಲಿ ಕೂತು, “ತಾತ, ಇದನ್ನ ಬರೆದವರು ಯಾರು? ತಾರೀಖು ಎಲ್ಲಿದೆ? ಯುನೆಸ್ಕೋದವರೇ ಹೇಳಿದ್ದಾರಾ?” ಅಂತ ಕೇಳಿದಳು. ಇಬ್ಬರೂ ಸೇರಿ ಹುಡುಕಿದರು. ಯುನೆಸ್ಕೋ ಅಂಥ ಘೋಷಣೆ ಮಾಡೇ ಇಲ್ಲ. ಮಾವ ಅದನ್ನು ಯಾರಿಗೂ ಕಳಿಸಲಿಲ್ಲ. ವಾದಕ್ಕಿಳಿಯದೆ ಅಕ್ಕರೆಯಿಂದ ಕೇಳೋದನ್ನ ಕಲಿಸಿದ ಮೇಡಂಗೆ ಕೈ ಮುಗಿಯಬೇಕು.

ಕೊರತೆ ಇಲ್ಲದಿಲ್ಲ. ಕಂಪ್ಯೂಟರ್ ಎರಡೇ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳೂ ಇವೆ, ಆದರೆ ಗಾಜಿನ ಬೀರುವಿನಲ್ಲಿ, ಬೀಗ ಹಾಕಿ. ಮಕ್ಕಳು ಮುಟ್ಟೋ ಹಾಗಿಲ್ಲ. ಇದು ನನಗೆ ತುಂಬಾ ಬೇಜಾರು. ಪೋಷಕರ ಸಭೆಯಲ್ಲಿ ಎರಡು ಸಲ ಹೇಳಿದ್ದೇನೆ. ಮುಂದಿನ ಸಭೆಯಲ್ಲೂ ಹೇಳುತ್ತೇನೆ.