80 ರೂಪಾಯಿಯ ಡಿ ವೆಲೆರಾ ನೋಟ್ಸ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಗಳಿಗಾಗಿ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಜೆರಾಕ್ಸ್ ಅಂಗಡಿಯೊಂದರಲ್ಲಿ, ಐರ್ಲೆಂಡಿನ ಅಧ್ಯಕ್ಷರಾಗಿದ್ದ ಏಮನ್ ಡಿ ವೆಲೆರಾ ಅವರನ್ನು ಕುರಿತ 48 ಪುಟಗಳ ಸ್ಪೈರಲ್ ಬೈಂಡಿಂಗ್ ನೋಟ್ಸ್ ಕೊಂಡೆ. ಸಿದ್ಧಪಡಿಸಿದ ತರಬೇತಿ ಕೇಂದ್ರದ ಹೆಸರು ಇಲ್ಲಿ ಬೇಡ. ಹೊರದೇಶದ ಒಬ್ಬ ನಾಯಕನಿಗೆ ಇಷ್ಟು ಪುಟಗಳೇಕೆ ಎಂದು ಕೇಳಿದ್ದಕ್ಕೆ ಅಂಗಡಿಯವರು, "ನಿರ್ದೇಶಕ ತತ್ವ ನಮಗ ಅಲ್ಲಿಂದೇ ಬಂದಾವ್ರಿ ಸರ, ಪ್ರತಿ ಸಲ ಕೇಳ್ತಾರ" ಎಂದರು. ಮಾತು ಸರಿಯೇ, 1937ರ ಐರಿಷ್ ಸಂವಿಧಾನದ 45ನೇ ವಿಧಿಯ ನೆರಳು, ಸರ್ಕಾರ ಆಡಳಿತದಲ್ಲಿ ಅನುಸರಿಸಬೇಕಾದ ಗುರಿಗಳನ್ನು ಹೇಳುವ ನಿರ್ದೇಶಕ ತತ್ವಗಳಿರುವ ನಮ್ಮ ಸಂವಿಧಾನದ ನಾಲ್ಕನೇ ಭಾಗದ ಮೇಲಿದೆ, ಆ ಸಂವಿಧಾನದ ಹಿಂದಿದ್ದವರು ಡಿ ವೆಲೆರಾ.

ಬಾಲ್ಯದ ಭಾಗ ಚುಟುಕಾಗಿದೆ: 1882ರಲ್ಲಿ ನ್ಯೂಯಾರ್ಕಿನಲ್ಲಿ ಜನನ, ಐರ್ಲೆಂಡಿನ ಅಜ್ಜಿಯ ಮನೆಯಲ್ಲಿ ಪೋಷಣೆ, ಗಣಿತದ ಅಧ್ಯಾಪನ. ಲೇಖಕರ ಕೈ ಪಳಗಿರುವುದು ಸೆರೆಮನೆಯ ಪುಟಗಳಲ್ಲಿ. ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ಬಂಡಾಯದಲ್ಲಿ ಮರಣದಂಡನೆಯಿಂದ ಪಾರಾದ ಈ ಮೇಷ್ಟ್ರು ಮುಂದೆ ಇಂಗ್ಲೆಂಡಿನ ಲಿಂಕನ್ ಜೈಲಿನಲ್ಲಿ ಪ್ರಾರ್ಥನೆಗೆ ನೆರವಾಗುತ್ತಲೇ ಪಾದ್ರಿಯ ಬೀಗದ ಕೈಯ ಅಚ್ಚನ್ನು ಮೇಣದಲ್ಲಿ ತೆಗೆದುಕೊಂಡದ್ದು, ಹೊರಗಿನವರು ಕೇಕಿನೊಳಗೆ ಅಡಗಿಸಿ ಕಳಿಸಿದ ಕೀಲಿಗಳು ಬೀಗಕ್ಕೆ ಕೂಡದೆ ಕೊನೆಗೆ ಹಲ್ಲು ಕೊರೆಯದ ಕೀಲಿಯನ್ನೂ ಅರವನ್ನೂ ತರಿಸಿ ಒಳಗೇ ಕೊರೆಸಿದ್ದು, 1919ರ ಫೆಬ್ರವರಿಯಲ್ಲಿ ತಪ್ಪಿಸಿಕೊಂಡದ್ದು, ಎಲ್ಲವೂ ಓದಿಸಿಕೊಂಡು ಹೋಗುತ್ತವೆ. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲವೆಂಬುದು ಬೇರೆ ಮಾತು.

ಕೇಳುವ ಕಡೆಯಲ್ಲೇ ನೋಟ್ಸ್ ಎಡವಿದೆ. 1919ರಲ್ಲಿ ಬಂಡಾಯದ ಸಂಸತ್ತಿಗೆ, 1932ರಲ್ಲಿ ಕಾರ್ಯಕಾರಿ ಮಂಡಳಿಗೆ, 1959ರಲ್ಲಿ ದೇಶಕ್ಕೆ, ಹೀಗೆ ಮೂರು ಸಲ ಅವರು 'ಅಧ್ಯಕ್ಷ'ರಾದರು. ಇವುಗಳಲ್ಲಿ ಕಡೆಯದು ಮಾತ್ರ ನಮ್ಮ ರಾಷ್ಟ್ರಪತಿ ಹುದ್ದೆಗೆ ಸಮಾನವಾದುದು, 1932ರದು ಪ್ರಧಾನಿಯ ಕೆಲಸ. ನೋಟ್ಸ್ ಮೂರನ್ನೂ ಒಂದೇ ಸಾಲಿನಲ್ಲಿ ಹೆಣೆದು, ಅವರು 1932ರಿಂದಲೇ ರಾಷ್ಟ್ರಾಧ್ಯಕ್ಷರಾಗಿದ್ದರೆಂಬ ಭ್ರಮೆ ಹುಟ್ಟಿಸುತ್ತದೆ. ಮಗಳು ಅಣಕು ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕ ಕಳೆದುಕೊಂಡಳು.

ಇನ್ನೊಂದು ಲೋಪ ನನಗೆ ಹೆಚ್ಚು ಕೊರೆಯಿತು. ರಾಷ್ಟ್ರಪತಿ ಚುನಾವಣೆಯ ವಿಧಾನವನ್ನು ನಾವು ಐರ್ಲೆಂಡಿನಿಂದ ಪಡೆದೆವೆಂದಷ್ಟೇ ಇದೆ. ಪಡೆದದ್ದು ಒಂದು, ಎರಡು, ಮೂರು ಎಂದು ಆದ್ಯತೆ ಗುರುತಿಸುವ ಏಕ ವರ್ಗಾವಣೆ ಮತ ಪದ್ಧತಿಯನ್ನು, ಮತದಾರರನ್ನಲ್ಲ. ಅಲ್ಲಿ ಜನರೇ ನೇರವಾಗಿ ಆರಿಸುತ್ತಾರೆ, ಇಲ್ಲಿ ಚುನಾಯಿತ ಸಂಸದರು ಮತ್ತು ಶಾಸಕರು. 1959ರ ಜೂನ್ 17ರಂದು ಡಿ ವೆಲೆರಾ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದ ಜನ, ಸಂಸತ್ತಿನ ಚುನಾವಣೆಯಿಂದ ಆ ಪದ್ಧತಿಯನ್ನು ತೆಗೆಯಬೇಕೆಂಬ ಅವರದೇ ಸರ್ಕಾರದ ಪ್ರಸ್ತಾವವನ್ನು ಅದೇ ದಿನದ ಜನಮತಗಣನೆಯಲ್ಲಿ ತಿರಸ್ಕರಿಸಿದರು. ಇಂಥ ಸ್ವಾರಸ್ಯಕ್ಕೆ ಅರ್ಧ ಪುಟವೂ ಸಿಕ್ಕಿಲ್ಲ. 1966ರಲ್ಲಿ ಅಲ್ಪ ಅಂತರದಿಂದ ಮರು ಆಯ್ಕೆಯಾಗಿ, ದೃಷ್ಟಿ ಬಹುತೇಕ ಹೋಗಿದ್ದರೂ 1973ರವರೆಗೆ, ತೊಂಬತ್ತರ ವಯಸ್ಸಿನ ತನಕ, ಹುದ್ದೆಯಲ್ಲಿದ್ದದ್ದು ಒಂದೇ ಸಾಲು.

ನನ್ನ ಪ್ರತಿಯಲ್ಲಿ 33ರಿಂದ 36ರ ತನಕದ ಪುಟಗಳು ತಲೆಕೆಳಗಾಗಿದ್ದವು. ಅಂಗಡಿಯವರು ತಕರಾರಿಲ್ಲದೆ ಬದಲಿಸಿಕೊಟ್ಟರು. ಕೊಳ್ಳುವವರು ಮೊದಲು 22ನೇ ಪುಟ ತೆರೆದು, 'ಅಧ್ಯಕ್ಷ' ಇದ್ದಲ್ಲೆಲ್ಲ ಇಸವಿ ನೋಡಿ ಪೆನ್ಸಿಲ್ಲಿನಿಂದ ತಿದ್ದಿಕೊಳ್ಳಬೇಕು.